ಮಾರ್ಥಾ ಮಾರಿದ ದೋಣಿ

ಲಕ್ಷ್ಮೇಶ್ವರದ ಎಪಿಎಂಸಿಯಲ್ಲಿ ಅಂದಾನಪ್ಪ ಇಂಗ್ಲಿಷ್ ಮಾತಾಡಲು ಬಾಯಿ ತೆರೆದರೆ ಹಮಾಲರು ಬೆನ್ನ ಮೇಲಿನ ಚೀಲ ಇಳಿಸಿ ನಿಂತು ಕೇಳುತ್ತಿದ್ದರು. ಆ ಅಂದಾನಪ್ಪ ನಾನೇ. ಹತ್ತಿಯ ಭರಾಟೆಯ ಕಾಲದಲ್ಲಿ ನಾನು ಮುಂಬೈಗೆ ಇಂಗ್ಲಿಷಿನಲ್ಲಿ ತಂತಿ ಕೊಟ್ಟರೆ ಅಲ್ಲಿಯ ಸೇಠರು ಅದಕ್ಕೆ ಗಾಜು ಹಾಕಿಸಿ ಗಾದಿಯ ಹಿಂದೆ ತೂಗುಹಾಕುತ್ತಿದ್ದರು. ಕಣ್ಣಾರೆ ನೋಡಿಲ್ಲ ನಿಜ, ಆದರೆ ಅಂಥ ತಂತಿಯನ್ನು ಬೇರೆ ಏನು ಮಾಡಲು ಸಾಧ್ಯ? ನಾಲ್ಕೇ ಪದದಲ್ಲಿ ಈ ಸೀಮೆಯ ಹತ್ತಿಯನ್ನೆಲ್ಲ ಮಾರಿದವನು ನಾನು. ಉಳಿದ ಪದಗಳು ಇಂಗ್ಲಿಷಿನಲ್ಲಿ ಯಾಕಿವೆಯೋ ನನಗೆ ಇಂದಿಗೂ ತಿಳಿದಿಲ್ಲ.

ಇಂಥವನ ಮನೆಯ ಹುಡುಗಿಯೇ ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿದ್ದಾಳೆ ಎಂಬ ಖಬರು ಶ್ರಾವಣದ ಒಂದು ಸಂಜೆ ಊಟದ ಹೊತ್ತಿಗೆ ಹೊರಬಿತ್ತು. ಒಂಬತ್ತನೆಯ ಇಯತ್ತೆಯ ಮೊಮ್ಮಗಳು ಶೀತಲ್ ರೊಟ್ಟಿ ಮುರಿದು ಮುರಿದು ಬದನೆಕಾಯಿ ಪಲ್ಯದ ಸುತ್ತ ಕೋಟೆ ಕಟ್ಟುತ್ತಿದ್ದಳು.

"ಉಣ್ಣಾಕತ್ತೀಯೋ, ಮನಿ ಕಟ್ಟಾಕತ್ತೀಯೋ?" ಎಂದಳು ನನ್ನ ಹೆಂಡತಿ ಶಾರದವ್ವ.

"ದಸರಾ ಸೂಟಿಗಿಂತ ಮೊದಲ ಒಂದು ಟೆಸ್ಟ್ ಐತಿ ಆಯಿ. ಅದರಾಗ ಇಂಗ್ಲಿಷ್ ಬರಲಿಲ್ಲ ಅಂದ್ರ ತಿರುಗಿ ಕನ್ನಡ ಸೆಕ್ಷನ್ನಿಗೆ ಕಳಸ್ತಾರಂತ."

"ಕಳಸಲಿ ಬಿಡು," ಎಂದ ನನ್ನ ಮಗ ವೀರು. ಕಾಳುಕಡಿಯ ದಲಾಲಿ ಮಾಡುವ ನಮ್ಮ ಅಡತಿ ಅಂಗಡಿಯನ್ನು ಈಗ ನೋಡಿಕೊಳ್ಳುವವನು ಅವನೇ. "ಏಳನೇತ್ತಾ ತನಕ ಅಲ್ಲೇ ಕಲತಿಲ್ಲೇನು? ಅಂಗಳಾ ದಾಟಿ ಆ ಕಡೆ ಕುಂತರ ಆತು."

"ನಾ ಹೋಗಂಗಿಲ್ಲ."

"ಯಾಕ?"

ಶೀತಲ್ ಕೋಟೆಯ ಒಂದು ಗೋಡೆ ಬೀಳಿಸಿದಳು. "ಆ ಸೆಕ್ಷನ್ ಹುಡಿಗ್ಯಾರ ಮುಂದ ಹೇಳೀನಿ. ನಮ್ಮನಿಯಾಗ ಊಟಕ್ಕ ಕುಂತರೂ ಎಲ್ಲಾರೂ ಇಂಗ್ಲಿಷ್‌ನ್ಯಾಗ ಮಾತಾಡ್ತೀವಿ ಅಂತ."

ವೀರುನ ಮೂಗಿನಲ್ಲಿ ಮಜ್ಜಿಗೆ ಹೋಯಿತು. ನನ್ನ ಎದೆ ಮಾತ್ರ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಮಗನಲ್ಲಿ ಕಾಣಿಸದ ನನ್ನ ರಕ್ತ ಮೊಮ್ಮಗಳಲ್ಲಿ ಹರಿಯುತ್ತಿದೆ ಎಂದು ಆಗಲೇ ಖಾತ್ರಿಯಾಯಿತು.

"ನಗಬ್ಯಾಡ್ರಿ," ಎಂದಳು ಸೊಸೆ ಮಂಜುಳಾ, ಒಲೆಯ ಹತ್ತಿರದಿಂದ. "ನಾಳೆ ಆ ಹುಡಿಗ್ಯಾರ ನಡುವ ಹೋಗಿ ಹೆಂಗ ಕುಂದ್ರಬೇಕು ಆಕಿ? ನೀವು ಕುಂಡ್ರತಿದ್ರೇನು?"

ವೀರು ಮೂಗು ಒರೆಸಿಕೊಂಡ.

ಮಂಜುಳಾ ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯವಳು. ತುಂಗಭದ್ರೆಯ ದಂಡೆಯಲ್ಲಿ ಬೆಳೆದು, ಬಸ್ಸಿನಲ್ಲಿ ಓಡಾಡಿ ಬಿ.ಎ. ಮಾಡಿದವಳು. ಶೀತಲ್‌ಳನ್ನು ಇಂಗ್ಲಿಷ್ ಸೆಕ್ಷನ್ನಿಗೆ ಹಾಕಿಸಲು ಗಂಡನ ಜತೆ ಅವಳು ಮಾಡಿದ ಜಗಳಕ್ಕೆ ನಮ್ಮ ಓಣಿಯ ಗುಬ್ಬಿಗಳೆಲ್ಲ ಶಿರಹಟ್ಟಿಗೆ ಹಾರಿಹೋಗಿದ್ದವು. ಆದರೆ ಮಗಳನ್ನು ಕೂರಿಸಿಕೊಂಡು ಓದಿಸಲು ಅವಳಿಗೆ ಹೊತ್ತು ಸಿಗುತ್ತಿರಲಿಲ್ಲ. ಸಂಜೆ ಅಡುಗೆ. ಮುಂಜಾನೆ ಎಮ್ಮೆ.

ನಮ್ಮ ಎಮ್ಮೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ನಿಂತರೆ ಹಿತ್ತಲಲ್ಲಿ ಬಿಸಿಲು ಬೀಳುತ್ತಿರಲಿಲ್ಲ. ಶಾರದವ್ವನ ತವರು ಕೋಟುಮಚಗಿಯಿಂದ ಬಂದ ತಳಿ. ಅದರ ಅಜ್ಜಿ, ಮುತ್ತಜ್ಜಿಯರ ಹೆಸರನ್ನು ಅವಳು ನಮ್ಮ ಹಿರಿಯರ ಹೆಸರಿಗಿಂತ ಚೆನ್ನಾಗಿ ಬಲ್ಲಳು. ಹಿಂಡುವುದು, ಸೆಗಣಿ ಬಾಚುವುದು, ಹಿಂಡಿ ಕಲಸಿಡುವುದು, ಮೊಸರು ಕಡೆಯುವುದು ಎಲ್ಲ ಮಂಜುಳಾಳ ಪಾಲು. ಹೆಸರು ಹೇಳುವುದು ಶಾರದವ್ವನ ಪಾಲು.

ಮರುದಿನ ಚಹಾ ಕೊಡುತ್ತ ಮಂಜುಳಾ ಹೇಳಿಬಿಟ್ಟಳು. "ಅತ್ತಿ, ಎಮ್ಮಿ ಮಾರೂಣ್ರಿ. ಹಾಲು ಪಾಕೀಟಿನ್ಯಾಗ ಬರ್ತಾವು. ಮುಂಜಾನಿ ಆ ಹೊತ್ತು ಸಿಕ್ಕರ ಶೀತಲ್‌ನ್ನ ನಾ ಕುಂದ್ರಿಸಿಕೊಂಡು ಓದಸ್ತೀನಿ."

ಶಾರದವ್ವ ಬಟ್ಟಲನ್ನು ಕೆಳಗಿಟ್ಟಳು. "ಇವತ್ತ ಎಮ್ಮಿ. ನಾಳೆ ನನ್ನ ಮಾರ್ರಿ. ನಾನೂ ಕೋಟುಮಚಗಿಯಿಂದ ಬಂದಾಕಿನ."

"ನಿಮ್ಮನ್ನ ಯಾರ ತಗೋತಾರ್ರಿ ಅವ್ವಾರ?" ಎಂದ ವೀರು ನಗಿಸಲು. ಯಾರೂ ನಗಲಿಲ್ಲ. ಅಂದು ಅವನ ಡಬ್ಬಿಗೆ ಚಟ್ನಿ ಬೀಳಲಿಲ್ಲ.

ಕೊನೆಗೆ ನಾನೇ ತೀರ್ಪು ಕೊಟ್ಟೆ. ಎಮ್ಮೆ ಇರಲಿ, ಸಂಜೆ ಮನೆಯವರೆಲ್ಲ ಕೂಡಿ ಶೀತಲ್‌ಗೆ ಇಂಗ್ಲಿಷ್ ಕಲಿಸುವುದು. ವ್ಯಾಕರಣ ವೀರುಗೆ, ಪಾಠ ನನಗೆ. ಇಂಥ ತೀರ್ಪನ್ನು ಧಾರವಾಡದ ಹೈಕೋರ್ಟೂ ಕೊಟ್ಟಿರಲಾರದು.

ವೀರುನ ವ್ಯಾಕರಣವೆಂದರೆ ಮೊಬೈಲು. ಶೀತಲ್ ವಾಕ್ಯ ಓದುವಳು, ಅವನು ಮೊಬೈಲಿಗೆ ಹೇಳುವನು, ಮೊಬೈಲು ಒಂದು ಕನ್ನಡ ಉಗುಳುವುದು. ಆ ವಾರ ಕರ್ತರಿ, ಕರ್ಮಣಿ ನಡೆದಿತ್ತು. "ಇಲಿ ಬೆಕ್ಕಿನಿಂದ ತಿನ್ನಲ್ಪಟ್ಟಿತು," ಎಂದಿತು ಮೊಬೈಲು.

"ಹಂಗ ಯಾರ ಮಾತಾಡ್ತಾರ?" ಎಂದಳು ಶಾರದವ್ವ ಅವರೆಕಾಯಿ ಸುಲಿಯುತ್ತ.

"ಇಂಗ್ಲಿಷ್‌ನವರು ಹಂಗ ಮಾತಾಡ್ತಾರ ಅವ್ವಾ."

"ತಿಂದಿದ್ದು ಬೆಕ್ಕು. ಇಲೀ ಹೆಸರು ಯಾಕ ಮುಂದ ಮಾಡ್ತಾರ?"

ಶೀತಲ್ ಪೆನ್ಸಿಲ್ ಕಚ್ಚಿಕೊಂಡು ಅಪ್ಪನ ಮುಖ ನೋಡಿದಳು. ಅಪ್ಪ ಮೊಬೈಲಿನ ಮುಖ ನೋಡಿದ. ಮರುದಿನ ಒಲೆಯ ಮೇಲೆ ಹಾಲು ಉಕ್ಕಿ ಹರಿದಾಗ ಮುಂದೆಯೇ ಕೂತಿದ್ದ ವೀರು ಮೊಬೈಲಿನಿಂದ ತಲೆ ಎತ್ತದೆ, "ಹಾಲು ಉಕ್ಕಲ್ಪಟ್ಟಿತು," ಎಂದ. ಯಾರು ಉಕ್ಕಿಸಿದರೆಂಬುದು ಆ ವಾಕ್ಯದಲ್ಲಿ ಇರಲೇ ಇಲ್ಲ. ಮಂಜುಳಾ ಮಸಿ ಅರಿವೆಯನ್ನು ಅವನ ತೊಡೆಯ ಮೇಲೆ ಹಾಕಿ ಒಳಗೆ ಹೋದಳು.

ಪಾಠದ ಸರದಿ ಬಂದಾಗ ನಾನು ಕನ್ನಡಕ ಒರೆಸಿಕೊಂಡು ಗೋಡೆಗೆ ಒರಗಿ ಕೂತೆ. ಉದ್ದನೆಯ ಕಥೆ. ಒಬ್ಬ ಮುದುಕ, ಒಂದು ನದಿ, ಒಂದು ದೋಣಿ, ಮಾರ್ಥಾ ಎಂಬ ಹೆಂಗಸು. ಅಷ್ಟೂ ಪುಟ ಓದುವುದು ಕಲಿಯದವರ ಕೆಲಸ. ನಮ್ಮ ದಂಧೆಯಲ್ಲಿ ಚೀಲ ಬಿಚ್ಚಿ ಕಾಳೆಲ್ಲ ಸುರುವಿ ನೋಡುವ ಮಬ್ಬ ಯಾರೂ ಇಲ್ಲ. ಚೂಪು ಮೊನೆಯ ಕಬ್ಬಿಣದ ಕೊಳವೆಯನ್ನು ಚೀಲದ ಮೇಲೆ, ನಡುವೆ, ತಳದಲ್ಲಿ ಚುಚ್ಚುತ್ತೇವೆ. ಅಂಗೈ ಮೇಲೆ ಬಿದ್ದ ಕಾಳು ನೋಡಿ ಇಡೀ ಚೀಲದ ಜಾತಕ ಹೇಳುತ್ತೇವೆ. ನಾನಂತೂ ಕಾಳು ನೋಡಿ ಹೊಲದವನ ಹೆಂಡತಿಯ ಸ್ವಭಾವವನ್ನೂ ಹೇಳಿದವನು.

"ಮೊದಲ ಪುಟ ಓದು."

ಶೀತಲ್ ಓದಿದಳು. ಮುದುಕ ದೋಣಿಯಲ್ಲಿ ಜನರನ್ನು ದಾಟಿಸುತ್ತಾನೆ. ಮಾರ್ಥಾ ಅವನಿಗೆ ಚಹಾ ತರುತ್ತಾಳೆ.

"ಈಗ ನಡುವಿಂದು."

ಮಾರ್ಥಾ ಸಂತೆಯಲ್ಲಿದ್ದಾಳೆ. ದೋಣಿಯ ಹಗ್ಗವನ್ನು ಬೇರೊಬ್ಬನ ಕೈಗೆ ಕೊಡುತ್ತಾಳೆ.

"ಕಡೀದು."

ಮುದುಕ ದಂಡೆಯ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಾನೆ.

"ಆತು," ಎಂದೆ. "ಮಾರ್ಥಾ ಸೊಸಿ. ಮಾವಗ ಹೇಳದ ಕೇಳದ ದೋಣಿ ಮಾರಿದ್ಲು. ಮುದುಕ ದುಃಖದಿಂದ ಅತ್ತ."

"ಸೊಸಿ ಅಂತ ಎಲ್ಲೈತಿ ಅಜ್ಜಾ?"

"ಮುದುಕನ ಮನಿಯಾಗ ಚಾ ಕಾಸಾಕಿ ಮತ್ಯಾರ ಇರ್ತಾರ?"

ಶೀತಲ್ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಮಂಜುಳಾ ಚಹಾ ಸೋಸುತ್ತಿದ್ದಳು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಅವರೆಕಾಯಿ ಸುಲಿಯುತ್ತಿದ್ದ ಶಾರದವ್ವನ ಕೈ ನಿಂತಿತ್ತು. "ಮಾವಗ ಹೇಳಲಿಲ್ಲಾಕಿ?"

"ಹೇಳಲಿಲ್ಲ."

"ದೋಣಿ ಆಕೀ ತವರಿಂದೇನು?"

"ಅಲ್ಲ. ಮುದುಕನ ಹಿರ್ಯಾರ ಕಾಲದ್ದು." ಅದು ಪಾಠದಲ್ಲಿ ಇರಲಿಲ್ಲ. ಆದರೆ ಅಂಥ ದೋಣಿ ಬೇರೆ ಯಾರ ಕಾಲದ್ದಿರುತ್ತದೆ?

ಅಂದಿನಿಂದ ಮಾರ್ಥಾ ನಮ್ಮ ಮನೆಗೆ ಬಂದು ಕೂತಳು. ಮಂಜುಳಾ ರೊಟ್ಟಿ ಬಡಿಯುವಾಗ, ಬಟ್ಟೆ ಒಣಹಾಕುವಾಗ, ಎಮ್ಮೆಗೆ ನೀರು ತೋರಿಸುವಾಗ ಶಾರದವ್ವ ಮಾರ್ಥಾಳನ್ನು ಬೈಯತೊಡಗಿದಳು. "ಇದ್ದ ದೋಣಿ ಮಾರಿ ಆ ಮಾರ್ಥಾ ಏನ ಉದ್ಧಾರಾದ್ಲೋ." "ಕಲತ ಸೊಸ್ತ್ಯಾರು ಎಲ್ಲಾ ಕಡೆ ಹಂಗ." "ಆಕಿನೂ ಬಿ.ಎ. ಮಾಡಿದ್ಲೇನ್ರಿ?" ಈ ಕೊನೆಯದನ್ನು ನನ್ನನ್ನು ಕೇಳಿದಳು. ಪಾಠದಲ್ಲಿ ಬರೆದಿಲ್ಲ, ಇದ್ದರೂ ಇರಬಹುದು ಎಂದೆ.

ಹಲವು ದಿನಗಳಾದ ಮೇಲೆ ಒಂದು ಸಂಜೆ ಜೋಳದ ಹಿಟ್ಟು ನಾದುತ್ತಿದ್ದ ಮಂಜುಳಾ ಅಲ್ಲಿಂದಲೇ ಹೇಳಿದಳು.

"ಮಾವಾರ, ನಮ್ಮೂರ ಕಡೆ ಸೇತುವಿ ಆದಮ್ಯಾಲ ತೆಪ್ಪದವರು ತಾವಾಗೇ ತೆಪ್ಪಾ ಮಾರಿದ್ರು. ಜನಾ ಬರಲಿಲ್ಲಂದ್ರ ದೋಣಿ ಇಟಗೊಂಡು ಏನ ಮಾಡಬೇಕ್ರಿ? ಅದರಾಗೂ ಹಂಗ ಏನರ ಇರಬೇಕು. ಪೂರಾ ಓದ್ರಿ."

"ನೋಡ, ಆಕೀ ಪಕ್ಷಾ ಹಿಡಿದ್ಲು," ಎಂದಳು ಶಾರದವ್ವ.

"ಪಕ್ಷಾ ಅಲ್ರಿ ಅತ್ತಿ. ಶೀತಲ್ ಪರೀಕ್ಷಾದಾಗ ಬರೀಬೇಕದನ್ನ."

"ನನಗ ಓದಾಕ ಕಲಸ್ತೀಯೇನವಾ?" ಎಂದೆ ನಾನು. ದನಿ ಸಣ್ಣದಾಗಿಯೇ ಇತ್ತು. ಆದರೂ ಮಾಳಿಗೆಯ ಮಣ್ಣು ಉದುರಿತು. ಮಂಜುಳಾ ಹಿಟ್ಟು ನಾದುವುದನ್ನು ಮುಂದುವರಿಸಿದಳು. ಅಂದಿನ ರೊಟ್ಟಿಗಳು ಬಹಳ ತೆಳ್ಳಗಿದ್ದವು, ಹಿಡಿದರೆ ಆಚೆಯವರ ಮುಖ ಕಾಣುತ್ತಿತ್ತು.

ಈ ನಡುವೆ ಹುಡುಗಿ ಬಡವಾಗತೊಡಗಿದ್ದಳು. ಅಪ್ಪನ ಮೊಬೈಲು ಮಾರ್ಥಾಳನ್ನು ಒಮ್ಮೆ ಅವನು ಎನ್ನುತ್ತಿತ್ತು, ಒಮ್ಮೆ ಅದು ಎನ್ನುತ್ತಿತ್ತು. ಆಯಿ ಅವಳನ್ನು ಮನೆಹಾಳಿ ಎನ್ನುತ್ತಿದ್ದಳು. ಅವ್ವ ಹಿಟ್ಟು ನಾದುತ್ತಿದ್ದಳು. ಒಂದು ದಿನ ಶೀತಲ್ ಒಬ್ಬಳೇ ಹಿತ್ತಲ ಕಟ್ಟೆಯ ಮೇಲೆ ಕೂತು ಪಾಠದ ಮೇಲೆ ಬೆರಳಾಡಿಸುತ್ತ ತುಟಿ ಅಲುಗಿಸುತ್ತಿದ್ದಳು. ನಾನು ಹೋದದ್ದೇ ಪುಸ್ತಕ ಮುಚ್ಚಿದಳು.

"ಅಜ್ಜಾ, ಒಂದು ಕೇಳಲೇನು? ಒಂದು ಮಾತಿಗೆ ನಿನಗ ಒಂದು ಅರ್ಥ, ನನಗ ಇನ್ನೊಂದು ಅರ್ಥ ಆದ್ರ?"

"ನನಗ ಆಗಿದ್ದು ಬರೀಬೇಕು."

"ಖರೆ?"

"ಮುಂಬೈ ಸೇಠ್ರನ್ನ ಕೇಳು."

ಅವಳು ಕೇಳಲಿಲ್ಲ.

ಟೆಸ್ಟಿನಲ್ಲಿ ಆ ಪಾಠದ್ದೇ ಪ್ರಶ್ನೆ ಬಂತು. ಮಾರ್ಥಾ ಮಾಡಿದ್ದು ಸರಿಯೇ, ನಿಮ್ಮ ಮಾತಿನಲ್ಲಿ ಬರೆಯಿರಿ. ಮನೆಗೆ ಬಂದು ಶೀತಲ್ ತಾನು ಬರೆದುದನ್ನು ಹೇಳಿದಾಗ ನಾವೆಲ್ಲ ತಲೆದೂಗಿದೆವು. ಹೆಸರು ಅವಳದು, ಮಾತು ನಮ್ಮ ಇಡೀ ಮನೆಯದು. ಸೊಸೆಯ ಮೋಸ ನನ್ನದು, ಮನೆಹಾಳತನ ಶಾರದವ್ವನದು, 'ದೋಣಿ ಮಾರಲ್ಪಟ್ಟಿತು' ಎಂಬುದು ವೀರುನದು. ಮಂಜುಳಾಳದು ಏನೂ ಇರಲಿಲ್ಲ. ನಾನು ಆ ಸಂಜೆ ಗದಗ-ಬೆಟಗೇರಿಯ ನೆಂಟರಿಗೆ ಫೋನ್ ಮಾಡಿ, ನಮ್ಮ ಹುಡುಗಿಯ ಪೇಪರನ್ನು ಬೆಂಗಳೂರಿಗೆ ಕಳಿಸುತ್ತಾರಂತೆ ಎಂದು ಹೇಳಿದೆ.

ಪೇಪರು ಬೆಂಗಳೂರಿಗೆ ಹೋಗಲಿಲ್ಲ. ಮನೆಯ ಹಿರಿಯರು ಬಂದು ಕಾಣಬೇಕೆಂದು ಶಾಲೆಯಿಂದ ಹೇಳಿ ಕಳಿಸಿದರು.

"ಸನ್ಮಾನಕ್ಕ ಇರಬೇಕು," ಎಂದು ನಾನು ಇಸ್ತ್ರಿಯ ಧೋತರ ಉಟ್ಟು, ಕರಿ ಕೋಟು ಹಾಕಿ ಹೊರಟೆ.

ಶಿಕ್ಷಕರ ಕೋಣೆಯಲ್ಲಿ ನಜಮಾ ಟೀಚರ್ ಇದ್ದರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಪಕ್ಕದಲ್ಲಿ ಶೀತಲ್ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಬರ್ರಿ ಸಾವಕಾರ್ರ, ಕುಂಡ್ರಿ. ಈ ಉತ್ತರದ ಸಲುವಾಗಿ ಕರಸಿದ್ದು."

"ಗೊತ್ತಾತು ಬಿಡ್ರಿ," ಎಂದೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ. "ಈ ಉತ್ತರಾ ನಮ್ಮೂರಾಗ ಮತ್ಯಾರ ಬರೀಬೇಕು? ಒಂದೊಂದ ಅಕ್ಷರಾನೂ ನಾ ಹೇಳಿ ಕೊಟ್ಟಿದ್ದು."

"ಒಂದೊಂದ ಅಕ್ಷರಾನೂ?"

"ಒಂದ ಅಲ್ಪವಿರಾಮ ಸೈತ ಆಕೀದಲ್ಲ."

ನಜಮಾ ಟೀಚರ್ ಬಿಗಿದ ಉಸಿರು ಬಿಟ್ಟಂತೆ ಕಂಡಿತು. "ಚಲೋ ಆತ್ರಿ. ಈ ಹುಡುಗಿಗೆ ಏನೂ ತಿಳಿದಿಲ್ಲ ಅಂತ ನಾ ತಿಳಕೊಂಡಿದ್ದೆ. ಕನ್ನಡ ಸೆಕ್ಷನ್ನಿಗೆ ಹೆಸರು ಬರದು ಇಟ್ಟಿದ್ದೆ. ತಿಳೀಲಾರದವರು ಬ್ಯಾರೇನ ಅದಾರಂದಂಗಾತು."

ಯಾರು ಎಂದು ಕೇಳಲು ಬಾಯಿ ತೆರೆದೆ. ಅವರು ಪುಸ್ತಕ ಬಿಡಿಸಿ ಶೀತಲ್‌ಳ ಕೈಗೆ ಕೊಟ್ಟಾಗಿತ್ತು.

"ಈ ಪುಟ ಓದು. ಓದಿ ಅಜ್ಜಾರಿಗೆ ಕನ್ನಡದಾಗ ಹೇಳು. ನೀ ಹೇಳೂದರ ಮ್ಯಾಲ ನಾ ಹೆಸರು ಹೊಡದು ಹಾಕೂದೋ ಬಿಡೂದೋ ನೋಡ್ತೀನಿ."

ಅದು ನಾವು ಚುಚ್ಚದೆ ಬಿಟ್ಟ ಜಾಗದ ಪುಟ. ಶೀತಲ್ ಪುಸ್ತಕ ನೋಡಲಿಲ್ಲ, ನನ್ನನ್ನು ನೋಡಿದಳು. ಅವಳ ಕಣ್ಣು ನನ್ನ ಕೋಟು, ಧೋತರ, ಕಾಲ ಮೇಲಿನ ಕಾಲು ಎಲ್ಲದರ ಮೇಲೆ ಹೋಗಿ ಬಂತು. ಅಷ್ಟು ಹೊತ್ತಿನಲ್ಲಿ ಒಂದು ಲಾರಿ ಮೆಣಸಿನಕಾಯಿ ಬ್ಯಾಡಗಿಗೆ ಹೋಗಿ ಖಾಲಿಯಾಗಿ ತಿರುಗಿ ಬರಬಹುದಿತ್ತು.

"ಓದು," ಎಂದೆ. ಕಾಲು ಕೆಳಗಿಳಿದಿತ್ತು.

ಅವಳು ಓದಿದಳು. ಮೊದಲು ಮುಗ್ಗರಿಸಿದಳು, ಒಂದು ಪದಕ್ಕೆ ಎರಡು ಸಲ ತಿರುಗಿ ಹೋದಳು. ಆಮೇಲೆ ತಲೆ ಎತ್ತದೆ ಕನ್ನಡದಲ್ಲಿ ಹೇಳತೊಡಗಿದಳು.

"ಮ್ಯಾಲಿನ ಊರಾಗ ಸೇತುವಿ ಕಟ್ಟಿದ್ರು ಅಜ್ಜಾ. ದೋಣಿಗೆ ಯಾರೂ ಬರವಲ್ರು. ಮಾರ್ಥಾ ಮುದುಕನ ಮಗಳು. ಮುದುಕ ಆಕಿಗೆ ಅಂತಾನ, ದೋಣಿ ನೀ ಮಾರಿ ಬಾ, ಹಗ್ಗಾ ನಾ ಹಿಡಕೊಂಡು ಹೋದ್ರ ನನ್ನ ಕೈ ಬಿಡಂಗಿಲ್ಲ ಅಂತ. ಮಾರ್ಥಾ ಒಲ್ಲೆ ಅಂದ್ಲು. ಊರ ಮಂದಿ ಏನ ಅಂತಾರ ಅಂದ್ಲು. ಅವನೇ ಆಕೀನ್ನ ದಬ್ಬಿ ಕಳಿಸಿದ."

"ಇದನ್ನ ಮೊದಲ ಓದಿದ್ದೀಯೇನು?" ನಜಮಾ ಟೀಚರ್ ಕೇಳಿದರು.

"ಓದಿದ್ದೆ ಟೀಚರ್. ನನಗ ಆದ ಅರ್ಥಾ ತಪ್ಪಂತ ತಿಳಕೊಂಡೆ."

ಕೋಣೆಯ ಫ್ಯಾನು ನಿಂತಿತೋ ನನಗೆ ಹಾಗೆ ಅನಿಸಿತೋ.

"ಮುದುಕ ಕಡೀಕ ಕಣ್ಣು ಒರಸಿಕೊಳ್ಳೂದು ಯಾಕ?"

ಶೀತಲ್ ಕೊನೆಯ ಪುಟಕ್ಕೆ ಹೋದಳು, ಎರಡು ಸಲ ಓದಿದಳು. "ಗೊತ್ತಿಲ್ಲ ಟೀಚರ್. ಪಾಠದಾಗ ಹೇಳಿಲ್ಲ."

"ಹೌದು, ಹೇಳಿಲ್ಲ," ಎಂದರು ನಜಮಾ ಟೀಚರ್. ಮೇಜಿನ ಮೇಲಿದ್ದ ಹಾಳೆಯಲ್ಲಿ ಒಂದು ಗೆರೆ ಎಳೆದರು. "ನೀ ಇಲ್ಲೇ ಇರು. ಉತ್ತರಾ ನಾಳೆ ಹೊಸದಾಗಿ ಬರಕೊಂಡು ಬಾ. ಸಾವಕಾರ್ರ, ಆಕಿನೇ ಬರೀಲಿ."

ದಾರಿಯಲ್ಲಿ ಬಜಾರದ ತುಂಬ ಜನ ನಮಸ್ಕಾರ ಹಾಕಿದರು. ನಾನು ಇಬ್ಬರಿಗೋ ಮೂವರಿಗೋ ಮಾತ್ರ ತಿರುಗಿ ಹಾಕಿದೆ. ಸೋಮೇಶ್ವರ ಗುಡಿಯ ಕಡೆ ತಿರುಗುವಲ್ಲಿ ಶೀತಲ್ ನನ್ನ ಕೋಟಿನ ತೋಳು ಹಿಡಿದುಕೊಂಡಳು.

"ಸಿಟ್ಟ ಬಂತೇನ ಅಜ್ಜಾ?"

"ನನಗ್ಯಾಕ ಸಿಟ್ಟು? ನೀ ಓದಿದ್ದಕ್ಕ ಆ ಟೀಚರು ಕುರ್ಚಿಯಿಂದ ಬೀಳೂದೊಂದ ಬಾಕಿ ಇತ್ತು."

ಅವಳು ತೋಳು ಬಿಡಲಿಲ್ಲ.

ಸಂಜೆ ಊಟಕ್ಕೆ ಎಲ್ಲರೂ ಕೂತಿದ್ದೆವು. ಮಂಜುಳಾ ಎಂದಿನಂತೆ ಒಲೆಯ ಮುಂದೆ. ಶಾಲೆಯಲ್ಲಿ ಏನಾಯಿತೆಂದು ವೀರು ಕೇಳಿದ. ನಾನು ಬಾಯಿಯಲ್ಲಿ ಇಡೀ ಈರುಳ್ಳಿ ಇಟ್ಟುಕೊಂಡೆ, ಮಾತಾಡಲು ಬರದಂತೆ. ಶೀತಲ್ ಹೇಳಿದಳು. ತಾನು ಅಲ್ಲೇ ಉಳಿದದ್ದು ಹೇಳಿದಳು. ಆಮೇಲೆ ಸೇತುವೆ ಹೇಳಿದಳು, ಹಗ್ಗ ಹೇಳಿದಳು, ಮಗಳನ್ನು ದಬ್ಬಿ ಕಳಿಸಿದ ಮುದುಕನನ್ನು ಹೇಳಿದಳು. ಅಜ್ಜ ಏನು ಹೇಳಿ ಬರೆಸಿದ್ದ ಎಂಬುದನ್ನು ಮಾತ್ರ ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ವೀರು ಮೊಬೈಲನ್ನು ಮಗುಚಿ ಇಟ್ಟ. "ಅಂದ್ರ ತಪ್ಪು ಮುದುಕಂದೇನು?"

"ಗೊತ್ತಿಲ್ಲ ಪಪ್ಪಾ."

"ಮಾರ್ಥಾಂದು?"

"ಅದೂ ಗೊತ್ತಿಲ್ಲ."

"ಮತ್ತ ನಾಳೆ ಏನ ಬರೀತಿ?"

"ಬರಿಯುವಾಗ ನೋಡ್ತೀನಿ."

ಶಾರದವ್ವ ತುತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಬಹಳ ಹೊತ್ತು ಅಗಿದಳು, ಬಾಯಿಯಲ್ಲಿ ಏನೂ ಇಲ್ಲದಿದ್ದರೂ.

"ಹಂಗಾರ ಇಷ್ಟ ದಿನಾ ನಾ ಆಕಿಗೆ ಸುಮ್ಮಸುಮ್ಮನ ಬೈದ್ನೆಲ್ಲಾ," ಎಂದಳು ಕೊನೆಗೆ.

ಮಂಜುಳಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

"ಯಾರಿಗ್ರಿ ಅತ್ತಿ?"

ರೊಟ್ಟಿ ಉಬ್ಬಿತು, ಇಳಿಯಿತು. ವೀರು ಛತ್ತಿನ ತೊಲೆ ನೋಡಿದ. ನಾನು ಈರುಳ್ಳಿ ನುಂಗಿದೆ, ಕಣ್ಣಲ್ಲಿ ನೀರು ಬಂತು. ಅದು ಈರುಳ್ಳಿಗೆ ಬಂದದ್ದು.

ಶಾರದವ್ವ ಮೂಲೆಯಲ್ಲಿದ್ದ ಖಾಲಿ ತಾಟೊಂದನ್ನು ಎಳೆದು ತನ್ನ ಪಕ್ಕದಲ್ಲಿ ಇಟ್ಟಳು. "ಎಮ್ಮಿ ಮಾರಂಗಿಲ್ಲ," ಎಂದಳು. "ಅದನ್ನೊಂದ ಕೇಳಬ್ಯಾಡ. ಮುಂಜಾನಿ ಹಿಂಡೂದು, ಬಾಚೂದು ನಾ ನೋಡತೀನಿ. ನೀ ಹುಡುಗೀನ್ನ ನೋಡು. ಈಗ ಬಂದು ಕುಂಡ್ರು, ಎಲ್ಲಾರ ಜೋಡಿ ಉಣ್ಣು."

"ರೊಟ್ಟಿ ಬಡಿಯೂದು ಇನ್ನೂ ಐತ್ರಿ."

"ಇರಲಿ. ಕುಂಡ್ರು."

ಮಂಜುಳಾ ಕೈ ಒರೆಸಿಕೊಂಡು ಬಂದು ಕೂತಳು. ಶೀತಲ್ ಸರಿದು ಜಾಗ ಮಾಡಿಕೊಟ್ಟಳು. ಆಗ ಮನೆಯವರಿಗೆಲ್ಲ ಒಂದು ದಿಕ್ಕೇ ತಿಳಿಯದಂತಾಯಿತು. ಎಲ್ಲರ ತಾಟು ಖಾಲಿ, ಎಲ್ಲರೂ ಕೂತಿದ್ದಾರೆ. ಬಡಿಸಲು ಏಳುವವರು ಯಾರು? ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂಥ ಗಳಿಗೆಯಲ್ಲಿ ಮುಂದಾಗುವವನು ಇಡೀ ಲಕ್ಷ್ಮೇಶ್ವರದಲ್ಲಿ ಒಬ್ಬನೇ. ನಾನು ಧೋತರ ಎತ್ತಿ ಕಟ್ಟಿ ಅಡುಗೆಮನೆಗೆ ಹೋದೆ.

"ರೊಟ್ಟಿ ಬುಟ್ಟಿ ಎಡಕ್ಕ ಐತ್ರಿ ಮಾವಾರ," ಎಂದಳು ಮಂಜುಳಾ.

"ಗೊತ್ತೈತಿ ಬಿಡವಾ," ಎಂದೆ, ಬಲಕ್ಕಿದ್ದ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡುತ್ತ.